ಚಿಕ್ಕಮಾದಮ್ಮನ ಮಾತ್ರೆ ಡಬ್ಬ

ಬಂಡೂರಿನ ನಮ್ಮ ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಓಡುತ್ತಿದ್ದುದು ಆಸ್ಪತ್ರೆಗಲ್ಲ, ಪಕ್ಕದ ಮನೆ ಚಿಕ್ಕಮಾದಮ್ಮನ ಹತ್ತಿರ. ಅವರ ಅಡುಗೆಮನೆ ಗೂಡಿನಲ್ಲಿ ಒಂದು ಬಿಸ್ಕತ್ತಿನ ಡಬ್ಬ ಇತ್ತು. ಅದರ ತುಂಬ ಅರ್ಧಕ್ಕೆ ನಿಲ್ಲಿಸಿದ ಮಾತ್ರೆಗಳು. ಮಗನ ಹಲ್ಲುನೋವಿಗೆ ತಂದದ್ದು, ಸೊಸೆಯ ಬಾಣಂತನದ್ದು, ಕುರಿಗಳಿಗೆ ಕೊಟ್ಟು ಮಿಕ್ಕಿದ್ದು, ಎಲ್ಲ ಅದರಲ್ಲೇ. ಹೆಸರು ಓದಲು ಬಾರದಿದ್ದರೂ ಬಣ್ಣ ನೋಡಿ ಕೊಡುತ್ತಿದ್ದರು. ನಾನೂ ಈಸಿಕೊಂಡು ನುಂಗಿದವಳೇ, ಸುಳ್ಳು ಯಾಕೆ ಹೇಳಲಿ?

ಅವರ ಗಂಡ ಕರಿಸಿದ್ದಯ್ಯನವರಿಗೆ ಮೂವತ್ತು ಕುರಿ. ಕಣ್ಣು ಮುಚ್ಚಿ ಕೂತರೂ ಕೂಗಿನಲ್ಲೇ ಇದು ಇಂಥ ಕುರಿ ಎಂದು ಹೇಳುತ್ತಿದ್ದ ಮನುಷ್ಯ. ಕಳೆದ ಕಾರ್ತಿಕದಲ್ಲಿ ಟಗರಿನ ಗೊರಸು ಸವರುವಾಗ ಚಾಕು ಜಾರಿ ಅಂಗೈ ಸೀಳಿತು. ಚಿಕ್ಕಮಾದಮ್ಮ ಡಬ್ಬ ತೆಗೆದರು. ಕ್ಯಾಪ್ಸೂಲು ಬಿಚ್ಚಿ, ಒಳಗಿನ ಪುಡಿಯನ್ನು ಗಾಯಕ್ಕೆ ಉದುರಿಸಿ ಬಟ್ಟೆ ಕಟ್ಟಿದರು. ನಮ್ಮಲ್ಲಿ ಕುರಿಗೂ ಹೀಗೇ, ಮನುಷ್ಯರಿಗೂ ಹೀಗೇ.

ಆಗ ಬಂದ ಆಶಾ ಕಾರ್ಯಕರ್ತೆ ಭಾಗ್ಯಲಕ್ಷ್ಮಿ ಗದರಿದಳು.

"ದೊಡ್ಡವ್ವ, ಇದೇನ್ ಮಾಡ್ತಿದ್ದೀಯ? ಗಾಯನ ಸೋಪು ನೀರಲ್ಲಿ ತೊಳ್ದು ಆಸ್ಪತ್ರೆಗೆ ಕರ್ಕೊಂಡೋಗು."

"ಓಗಮ್ಮಿ, ನೀನ್ ಉಟ್ಟಕ್ ಮುಂಚಿಂದ್ಲೂ ಇದೇ ಮಾಡ್ಕ ಬಂದಿವ್ನಿ. ಯಾರ್ ಸತ್ತವ್ರೆ?"

"ಎಲ್ಲಾ ಗಾಯಕ್ಕೂ ಜ್ವರಕ್ಕೂ ಈ ರೋಗಾಣು ಸಾಯ್ಸೋ ಮಾತ್ರೆ ಅಲ್ಲ ಕಣವ್ವ. ಬೇಕಾದಾಗ್ಲೂ ಎರಡು ನುಂಗಿ ಬುಟ್ಬುಟ್ರೆ ರೋಗಾಣು ಪೂರ್ತಿ ಸಾಯಾಕಿಲ್ಲ. ಉಳ್ಕಂಡಿದ್ದು ಆ ಔಸ್ದಿಗೆ ಬಗ್ಗಾಕಿಲ್ಲ. ಆಮೇಕೆ ಜೀವ ಓಗೋ ಟೇಮಲ್ಲಿ ಅದು ಕೆಲ್ಸ ಮಾಡಾಕಿಲ್ಲ."

"ಔಸ್ದಿ ಅಂದ್ರೆ ಔಸ್ದಿ. ಸುಮ್ಕಿರು."

ನಾಲ್ಕನೇ ದಿನ ಜ್ವರ ಬಂತು. ಕೈ ಮೊಣಕೈವರೆಗೆ ಊದಿತು. ಡಬ್ಬದಿಂದ ಎರಡು ಮಾತ್ರೆ ಕೊಟ್ಟರು. ಮಾರನೇ ದಿನ ಬೇರೆ ಬಣ್ಣದ್ದು ಎರಡು. ಆರನೇ ದಿನ ಬೆಳಿಗ್ಗೆ ಕರಿಸಿದ್ದಯ್ಯ ಗಡಗಡ ನಡುಗುತ್ತಾ, ಏದುಸಿರು ಬಿಡುತ್ತಾ, ಹೆಂಡತಿಯನ್ನೇ "ನೀನ್ಯಾರವ್ವ?" ಎಂದು ಕೇಳಿದರು. ಚಿಕ್ಕಮಾದಮ್ಮ ಬೀದಿಗೆ ಓಡಿ ಬಂದು ಮಗನನ್ನು ಕೂಗಿದರು.

ಮಗ ನಾಗೇಶ್ ಮಳವಳ್ಳಿ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿಂದ ಆಂಬುಲೆನ್ಸಿನಲ್ಲಿ ಮಂಡ್ಯಕ್ಕೆ ಕಳಿಸಿದರು. ಚಿಕ್ಕಮಾದಮ್ಮನ ಜೊತೆಗೆ ನಾನೂ ಹೋದೆ.

"ರಕ್ತದಲ್ಲಿ ಸೋಂಕು ಹರಡಿದೆ" ಎಂದರು ಡಾಕ್ಟರು. "ಒಂದು ಔಷಧಿ ಶುರು ಮಾಡಿದ್ದೇವೆ. ಈ ರೋಗಾಣು ಯಾವುದಕ್ಕೆ ಸಾಯುತ್ತೆ ಅಂತ ಪರೀಕ್ಷೆಯಲ್ಲಿ ಗೊತ್ತಾಗೋಕೆ ಮೂರು ದಿನ ಬೇಕು. ಮನೇಲಿ ಏನೇನು ಕೊಟ್ಟಿದ್ದೀರಿ?"

ನಾಗೇಶ್ ಮನೆಯಿಂದ ಹೊರಡುವಾಗಲೇ ಎತ್ತಿಕೊಂಡು ಬಂದಿದ್ದ ಡಬ್ಬವನ್ನು ಮುಂದಿಟ್ಟ. ಡಾಕ್ಟರು ಒಂದೊಂದನ್ನೂ ತೆಗೆದು ನೋಡಿದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎಂದು ಚಿಕ್ಕಮಾದಮ್ಮ ಈಗಲೂ ಹೇಳುತ್ತಾರೆ.

ಆ ಮೂರು ದಿನ ಐಸಿಯು ಬಾಗಿಲಲ್ಲೇ ಕೂತಿದ್ದೆವು. ಬಿ.ಪಿ. ಇಳಿಯುತ್ತಲೇ ಇತ್ತು. ಮೂತ್ರ ಕಟ್ಟಿತು. ಎರಡನೇ ದಿನ ಒಳಗಿನಿಂದ ಒಬ್ಬ ಹೆಣ್ಣುಮಗಳನ್ನು ಮುಖ ಮುಚ್ಚಿ ತಂದರು. ಮೂವತ್ತು ದಾಟಿರಲಿಕ್ಕಿಲ್ಲ. "ರಕ್ತಕ್ಕೆ ನಂಜೇರಿತ್ತು ಕಣಮ್ಮ, ಯಾವ ಔಸ್ದಿನೂ ನಾಟ್ನಿಲ್ಲ" ಎಂದು ಅವಳ ತಾಯಿ ಗೋಡೆಗೆ ತಲೆ ಚಚ್ಚಿಕೊಂಡರು. ಚಿಕ್ಕಮಾದಮ್ಮ ನನ್ನ ಕೈ ಹಿಡಿದರು.

ಮೂರನೇ ದಿನ ರಿಪೋರ್ಟು ಬಂತು. ಡಾಕ್ಟರು ಮೆಲ್ಲಗೆ ಹೇಳಿದರು. "ಹದಿನಾರು ಔಷಧಿ ಪರೀಕ್ಷೆ ಮಾಡಿದೆವು. ಹದಿನಾಲ್ಕು ಕೆಲಸಕ್ಕೆ ಬರೋದಿಲ್ಲ. ಉಳಿದಿರೋದರಲ್ಲಿ ಒಂದು ಕೊಡ್ತೀವಿ. ಕಿವಿಗೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಬೇರೆ ದಾರಿ ಇಲ್ಲ."

"ಉಳ್ಕತಾರಾ ಸ್ವಾಮಿ?"

"ಈಗಲೇ ಹೇಳೋಕಾಗಲ್ಲ ತಾಯಿ."

ಚಿಕ್ಕಮಾದಮ್ಮ ಭಾಗ್ಯಲಕ್ಷ್ಮಿಗೆ ಫೋನು ಮಾಡಿದರು. "ಭಾಗ್ಯ, ನಾನೇ ಕೈಯಾರ ಕೊಟ್ನಲ್ಲವ್ವ..."

"ಗೊತ್ತಿಲ್ದೆ ಕೊಟ್ಟೆ ದೊಡ್ಡವ್ವ. ಅಳಬ್ಯಾಡ. ದೊಡ್ಡಪ್ಪನ್ನ ನೋಡಾಕೆ ಒಳಿಕ್ಕೋಗೋವಾಗ, ಈಚೆ ಬರೋವಾಗ ಸೋಪಾಕಿ ಕೈ ತೊಳ್ಕೊ. ಪಕ್ಕದ ಮಂಚ ಮುಟ್ಬ್ಯಾಡ. ಈ ರೋಗಾಣು ಕೈಯಿಂದ ಕೈಗೆ ಓಯ್ತದೆ."

ಕರಿಸಿದ್ದಯ್ಯ ಬದುಕಿದರು. ಇಪ್ಪತ್ತಾರು ದಿನದ ಮೇಲೆ ಮೂಳೆ ಚಕ್ಕಳವಾಗಿ ಊರಿಗೆ ಬಂದರು. ಆಟೋ ಇಳಿದವರೇ ಮನೆಯೊಳಗೂ ಹೋಗದೆ ಕುರಿದೊಡ್ಡಿಗೆ ಹೋದರು. ಅವರನ್ನು ಕಂಡದ್ದೇ ಮೂವತ್ತು ಕುರಿಗಳೂ ಒಟ್ಟಿಗೆ ಕೂಗಿಕೊಂಡವು. ಬೀದಿಗೆಲ್ಲ ಕೇಳಿಸಿತು. ಕರಿಸಿದ್ದಯ್ಯ ಟಗರಿನ ಬೆನ್ನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ಆಮೇಲೆ ಹೆಂಡತಿಯತ್ತ ತಿರುಗಿದರು.

"ಯಾಕಮ್ಮಿ, ಒಂದೂ ಕೂಗ್ತಾನೇ ಇಲ್ಲ?"

ಚಿಕ್ಕಮಾದಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ನನಗೆ ಅಳು ತಡೆಯಲಾಗಲಿಲ್ಲ.

ಮುಂದಿನ ವಾರ ಎದುರುಮನೆ ಮರಿತಾಯಮ್ಮ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. "ಅಕ್ಕ, ಮಗೀಗೆ ಮೈ ಬಿಸಿ. ಎರಡ್ ಮಾತ್ರೆ ಕೊಡು."

ಗೂಡು ಖಾಲಿ. ಡಬ್ಬವನ್ನು ಆಸ್ಪತ್ರೆಯಲ್ಲೇ ಒಪ್ಪಿಸಿ ಬಂದಿದ್ದರು.

"ಕೊಡಾಕಿಲ್ಲ. ನಡಿ, ಡಾಕ್ಟ್ರತ್ರ ನಾನೇ ಕರ್ಕೊಂಡೋಯ್ತೀನಿ" ಎಂದು ಚಿಕ್ಕಮಾದಮ್ಮ ಚಪ್ಪಲಿ ಮೆಟ್ಟಿದರು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಮುಗಿಸಿದ ಕೂಡಲೇ ಎದ್ದು ನಿಮ್ಮ ಮನೆಯ ಗೂಡನ್ನೂ ನೋಡಿ. ಮಿಕ್ಕಿದ ಮಾತ್ರೆ ಇದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ ಆಸ್ಪತ್ರೆಗೆ ಒಪ್ಪಿಸಿ. ಡಾಕ್ಟರು ಬರೆಯದೆ ರೋಗಾಣು ಕೊಲ್ಲುವ ಮಾತ್ರೆ (ಆ್ಯಂಟಿಬಯೋಟಿಕ್) ನುಂಗಬೇಡಿ, ಬರೆದದ್ದನ್ನು ಅವರು ಹೇಳಿದಷ್ಟು ದಿನ ಬಿಡದೆ ನುಂಗಿ. ಕುರಿಯ ಔಷಧಿ ಕುರಿಗೇ ಇರಲಿ, ಅದೂ ಪಶುವೈದ್ಯರು ಹೇಳಿದರೆ ಮಾತ್ರ. ಜ್ವರದ ಜೊತೆ ನಡುಕ, ಏದುಸಿರು, ತೊದಲು ಮಾತು, ಗುರುತು ತಪ್ಪುವುದು, ಇವುಗಳಲ್ಲಿ ಒಂದು ಕಂಡರೂ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೊರಡಿ. ಕರಿಸಿದ್ದಯ್ಯನವರಿಗೆ ಎರಡು ಔಷಧಿಯಾದರೂ ಉಳಿದಿದ್ದವು. ಐಸಿಯುವಿನಲ್ಲಿ ತೀರಿಹೋದ ಆ ಹೆಣ್ಣುಮಗಳಿಗೆ ಒಂದೂ ಉಳಿದಿರಲಿಲ್ಲ.