ಸೋತವರ ಕಡೆಯ ಮಣೆ

"ಹಗ್ಗ ಎಡಕ್ಕೆಳೀರೋ, ಎಡಕ್ಕೆ!" ರೊಟ್ಟಿ ಸುಡುವ ಎಸೆನ್ ಕೂಗಿದ. ಹೆಣ ಇರಿಸಲು ಅಂಗಳದಲ್ಲಿ ಏಳುತ್ತಿದ್ದ ಸಾವಿನ ಗುಡಾರದ ಉಣ್ಣೆಹೊದಿಕೆ, ಸರೋವರದ ಗಾಳಿಗೆ ಉಸಿರು ತುಂಬಿಕೊಂಡಂತೆ ಉಬ್ಬಿತು.

"ಸಾತಿಬಾಲ್ದಿ ಇದ್ದಿದ್ರೆ, ಗಂಟು ಹಾಕೋದು ಹೀಗಲ್ಲ ಅಂತ ನಮಗೇ ಪಾಠ ಹೇಳ್ತಿದ್ದ," ಅಂದ ಇನ್ನೊಬ್ಬ.

"ನನ್ನ ಒಲೆ ಬಾಯಿ ಅಗಲ ಜಾಸ್ತಿ ಅಂತ ವರ್ಷಗಟ್ಟಲೆ ಪ್ರಾಣ ತಿಂದ, ಪುಣ್ಯಾತ್ಮ."

ಮನೆಯೊಳಗೆ ಗಂಡನ ಅಕ್ಕ ಬುರುಲ್‌ಳ ಪಕ್ಕ ಕೂತಿದ್ದ ಸಾತಿಬಾಲ್ದಿಯ ಹೆಂಡತಿ ಕಲಿಪಾಳಿಗೆ ಎಲ್ಲ ಕೇಳುತ್ತಿತ್ತು. ಹೆಣದ ಮುಂದಿನ ನಮಾಜು ಮುಗಿದೊಡನೆ ಮುಲ್ಲಾ ಗಂಡಸರ ಸಾಲಿನತ್ತ ತಿರುಗಿ, "ಇವನು ಎಂಥವನಿದ್ದ?" ಎಂದು ಕೇಳುವುದು ವಾಡಿಕೆ. ಬೇರೆಯವರ ಸಾವಿನಲ್ಲಾದರೆ ಪ್ರಶ್ನೆ ಮುಗಿಯುವ ಮೊದಲೇ "ಒಳ್ಳೆಯವನಿದ್ದ" ಎಂದು ಬಂದುಬಿಡುತ್ತದೆ. ತನ್ನ ಯಜಮಾನರೋ, ಮುಲ್ಲಾಗೂ "ನಿಮ್ಮ ಮೈಕು ಕೋಳಿಗೂಡಿನ ಕಡೆ ಮುಖ ಮಾಡಿದೆ" ಎಂದು ಹೇಳಿ ಬಂದವರು.

"ಯಾರೂ ಬಾಯಿ ಬಿಡದಿದ್ರೆ ಏನಕ್ಕಾ ಗತಿ?"

"ಸುಳ್ಳಾದ್ರೂ ಹೇಳ್ತಾರೆ ಬಿಡೇ."

"ಸುಳ್ಳು ಬೇಡ ನಂಗೆ," ಅಂದಳು ಕಲಿಪಾ.

*

ಅದು ಹಿಂದಿನ ಒಂದು ಚಳಿಗಾಲ, ಕಿಟಕಿಯಾಚೆ ಹಿಮ ಬೀಳುತ್ತಿತ್ತು. ಮಕ್ಕಳಿಗೆ ಚದುರಂಗ ಕಲಿಸಿ ನಿವೃತ್ತನಾದ ಸಾತಿಬಾಲ್ದಿ ಕಂಪ್ಯೂಟರಿನ ಮುಂದೆ ಕೂತಿದ್ದ. ಲೋಕದ ಚದುರಂಗದ ಆಟಗಳನ್ನೆಲ್ಲ ಕೂಡಿಟ್ಟ ತಂತ್ರಾಂಶ ಅದು. ಎಲ್ಲೆಲ್ಲಿನವರೋ ಸಂಬಳವಿಲ್ಲದೆ ಸೇರಿ ಕಟ್ಟಿದ್ದು. ಸಲಹೆ ಯಾರು ಬೇಕಾದರೂ ಬರೆಯಬಹುದು. ಬರೆಯದೆ ಬಿಟ್ಟಾನೆಯೇ!

"ಆಟ ತೆರೆದ್ರೆ ಯಾವಾಗ್ಲೂ ಬಿಳಿಕಾಯಿ ಕಡೆಯಿಂದ್ಲೇ ಮಣೆ ತೋರಿಸ್ತದೆ ಕಣೇ. ಸೋತವರ ಕಡೆಯಿಂದ ತೋರಿಸಿ ಅಂತ ಬರೆದೆ."

"ಸೋತವರ ಕಡೆ ಕೂತು ಏನು ನೋಡ್ತೀರಿ?"

"ಅವರಿಗೆ ಏನು ಕಾಣಲಿಲ್ಲ ಅಂತ."

'ಯಾರಿಗೂ ಬೇಕಿಲ್ಲ' ಎಂದು ಉತ್ತರ ಬಂತು. ಅವನು ಮತ್ತೆ ಬರೆದ.

"ಮೊದ್ಲು ನನ್ನ ಕಡೆ ತಿರುಗಿ ಚಹಾ ಕುಡೀರಿ!"

ತಿರುಗಿದ. ಕನ್ನಡಕದಲ್ಲಿ ಪುಟ್ಟಪುಟ್ಟ ಚೌಕಗಳು ತೇಲುತ್ತಿದ್ದವು. ಕಣ್ಣು ತೆರೆದೇ ನಿದ್ದೆ ಹೋದವನ ಹಾಗಿದ್ದ. "ಕೆಟಲು ಇಷ್ಟು ಎತ್ತರ ಹಿಡೀಬಾರದು," ಅಂದ.

*

ಮಧ್ಯಾಹ್ನದ ಹೊತ್ತಿಗೆ ಸಾವಿನ ಮನೆಗೆ ರಾಜಧಾನಿ ಬಿಷ್ಕೆಕ್‌ನಿಂದ ಒಬ್ಬಳು ಬಂದಳು. ಕೊರಿಯನ್ ಮುಖ, ಕೈಯಲ್ಲಿ ತಲೆಗೆ ಕಟ್ಟಲು ಬಾರದ ವಸ್ತ್ರ. ಬುರುಲ್ ಎಳೆದು ಕಟ್ಟಿಕೊಟ್ಟಳು.

"ನಾನು ಲ್ಯುದಾ ಖೆಗಾಯ್, ಅಮ್ಮಾ. ಇವರ ಸಲಹೆಗೆಲ್ಲ ಬೇಡ ಅಂತ ಬರೀತಿದ್ದವಳು ನಾನೇ."

"ಬೇಡ ಅಂದವಳು ಬಂದದ್ದು ಯಾಕೆ?"

"ಚಿಕ್ಕವಳಿದ್ದಾಗ ಇಲ್ಲಿನ ಚದುರಂಗ ಪಂದ್ಯದಲ್ಲಿ ಸೋತಿದ್ದೆ. ಎಲ್ರೂ ಗೆದ್ದವನ ಸುತ್ತ. ಒಬ್ಬರು ಮಾತ್ರ ಬಂದು ನನ್ನ ಕುರ್ಚಿ ಪಕ್ಕ ಮಂಡಿಯೂರಿ, 'ಹೌದಲ್ಲ, ಇಲ್ಲಿಂದ ಆ ಒಂಟೆಕಾಯಿ ಕಾಣೋದೇ ಇಲ್ಲ' ಅಂದ್ರು. ಹೆಸರು ಕೇಳಿರಲಿಲ್ಲ. ನಿನ್ನೆ ಸಾವಿನ ಸುದ್ದಿ ಜೊತೆ ಫೋಟೋ ನೋಡ್ದೆ."

ಕಲಿಪಾ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಯಜಮಾನರು ಇಷ್ಟು ವರ್ಷದಲ್ಲಿ ಮನೆಗೆ ಬಂದು ಇದೊಂದನ್ನು ಹೇಳಿರಲಿಲ್ಲ, ಕೆಟಲಿನ ಎತ್ತರ ಮಾತ್ರ ಹೇಳುತ್ತಿದ್ದರು.

"ಈಗಲಾದ್ರೂ ಸೋತವರ ಕಡೆಯ ಮಣೆ ಹಾಕ್ತೀಯಾ?"

"ನಾನೊಬ್ಬಳೇ ಒಪ್ಪಿದ್ರೆ ಸಾಲದು. ಉಳಿದವರ ಜೊತೆ ಜಗಳ ಆಡ್ಬೇಕು."

"ಆಡು," ಅಂದಳು ಕಲಿಪಾ.

*

ಹೆಣವನ್ನು ಗುಡಾರದಿಂದ ಹೊರಗೊಯ್ದರು. ಹೆಂಗಸರು ಒಳಗೇ ಉಳಿದರು. ಹೊದಿಕೆಯ ಅಂಚು ನೆಲ ಮುಟ್ಟದ ಕಡೆ ಗಂಡಸರ ಬೂಟುಗಳ ಸಾಲಷ್ಟೇ ಕಾಣುತ್ತಿತ್ತು.

"ಎಂಥವನಿದ್ದ ಸಾತಿಬಾಲ್ದಿ?" ಮುಲ್ಲಾ ಕೇಳಿದ.

ಗಾಳಿ ಬೀಸಿತು. ಯಾರೋ ಕೆಮ್ಮಿದರು. ಒಂದು ಬೂಟು ಮಣ್ಣು ಕೆರೆಯಿತು.

"ಕಾಟ ಕೊಡ್ತಿದ್ರು!" ಎಂದಿತು ಒಂದು ದನಿ. ತನ್ನದೇ ದನಿ ಎಂದು ಕಲಿಪಾಳಿಗೆ ತಿಳಿದದ್ದು ಬುರುಲ್ ಕೈ ಅದುಮಿದಾಗ. ಹೆಂಗಸರು ಉತ್ತರಿಸುವ ಪದ್ಧತಿಯೇ ಇರಲಿಲ್ಲ. ಆದರೆ ಬಾಯಿ ನಿಲ್ಲಲಿಲ್ಲ. "ಸೋತವರ ಪಕ್ಕ ಮಂಡಿಯೂರಿ ಕೂರ್ತಿದ್ರು. ಒಳ್ಳೆಯವರಿದ್ರು."

ಹೊರಗೆ ಹಿಟ್ಟು ಮೆತ್ತಿದ ಒಂದು ಜೊತೆ ಬೂಟು, ನೀರಿನೊಳಗೆ ತಿರುಗುವಂತೆ ಮೆಲ್ಲಗೆ, ಗುಡಾರದ ಕಡೆ ತಿರುಗಿತು. ಅದರ ಪಕ್ಕದ್ದು ತಿರುಗಿತು. ಅದರಾಚೆಯದು. ನೋಡುತ್ತಿದ್ದಂತೆ ಇಡೀ ಸಾಲಿನ ಬೂಟುತುದಿಗಳು ಅವಳತ್ತ ಮುಖ ಮಾಡಿ ನಿಂತವು.