ಕಸ್ತೂರಿಬಾಯಿಯ ಬಿಂದಗಿ

ಔರಾದ ತಾಲೂಕಿನ ಆ ಊರಲ್ಲಿ ನರಸಿಂಗ ಮೂವತ್ತು ವರ್ಷ ಪಂಚಾಯಿತಿ ತೆರಿಗೆ ವಸೂಲಿ ಮಾಡಿದವನು. ನೌಕರಿಗೆ ಸೇರಿದ ಹೊಸದರಲ್ಲಿ, ಒಂದು ಬ್ಯಾಸಗಿಯಲ್ಲಿ, ಏಳು ರೂಪಾಯಿ ಬಾಕಿಗೆ ಕಸ್ತೂರಿಬಾಯಿಯ ತಾಮ್ರದ ಬಿಂದಗಿ ಜಪ್ತಿ ಮಾಡಿದ್ದ. ಭಾಲ್ಕಿಯ ತವರಿನಿಂದ ಆಕೆ ಮದುವೆಯಾಗಿ ಬರುವಾಗ ತಂದ ಬಿಂದಗಿ ಅದು. ತವರಿನ ಅಂಗಳದಲ್ಲಿ ನೀರಿನ ನಳ ಇತ್ತು.

"ತೆರಿಗಿ ತುಂಬ್ರಿ, ನಿಮ್ಮ ಓಣಿಗೂ ನಳ ಬರ್ತದ" ಅಂತ ಅವತ್ತು ಹೇಳಿದವನೂ ಅವನೇ.

ಮೂರನೇ ದಿನ ಆಕೆ ರೊಕ್ಕ ಕಟ್ಟಿ ಬಿಂದಗಿ ಬಿಡಿಸಿಕೊಂಡು ಹೋದಳು. ಆಕೆಯ ಗಂಡ ನಳ ಬರುತ್ತದೆಂದು ಬಾಗಿಲ ಮುಂದೆ ಬಿಂದಗಿ ಇಡಲು ಕಲ್ಲಿನ ಕಟ್ಟಿ ಕಟ್ಟಿದ. ಗಂಡ ತೀರಿದ, ನರಸಿಂಗನ ನೌಕರಿ ಮುಗಿಯಿತು, ಕಟ್ಟಿಯ ಮೇಲೆ ಇನ್ನೂ ಕೋಳಿಗಳೇ ಕೂರುತ್ತವೆ. ಆಕೆ ಮಾತ್ರ ಒಂದು ವರ್ಷವೂ ತೆರಿಗೆ ತಪ್ಪಿಸಲಿಲ್ಲ.

ನಾಲ್ಕು ವರ್ಷದ ಹಿಂದೆ ದೊಡ್ಡ ಕಂಪನಿಯೊಂದು ಊರಾಚೆ ನಾನೂರು ಎಕರೆ ಸೋಲಾರ್ ಪ್ಲೇಟು ಹಾಸಿತು. ಅವರ ತೆರಿಗೆ ಬಂದರೆ ಓಣಿಗೆ ಪೈಪು ಎಂದರು ಪಂಚಾಯಿತಿಯವರು. ಬರಲಿಲ್ಲ. ತಡೆಯಲಾರದೆ ನರಸಿಂಗ ಬೀದರಿಗೆ ಹೋಗಿ ಕಂಪನಿಯ ಆಫೀಸು ಹುಡುಕಿದ.

"ಪ್ಲೇಟು ಕಟ್ಟಡ ಅಲ್ಲರಿ ಕಾಕಾ, ಯಂತ್ರ. ಅದಕ್ಕ ತೆರಿಗಿ ಇಲ್ಲಂತ ಕೋರ್ಟಿನ್ಯಾಗ ಕೇಸ್ ಹಾಕ್ಯಾರ" ಎಂದ ಅಲ್ಲಿನ ಮ್ಯಾನೇಜರ ಮುಬಶ್ಶೀರ. ಚಹಾ ತರಿಸಿದ. ಮನುಷ್ಯ ಕೆಟ್ಟವನಲ್ಲ. "ದೊಡ್ಡವರು ಮುಂಬೈದಾಗ ಇರ್ತಾರರಿ."

"ಅವರ ಮನಿಗಿ ನಳ ಅದ ಏನ್ರಿ?"

ಮುಬಶ್ಶೀರ ಚಹಾದ ಕಪ್ಪನ್ನು ಅವನತ್ತ ಸರಿಸಿದ.

ಸಂಜೆ ನರಸಿಂಗ ಓಣಿಗೆ ಬಂದಾಗ ಕಸ್ತೂರಿಬಾಯಿ ಹುಣಸೆಹಣ್ಣು ಹಚ್ಚಿ ಬಿಂದಗಿ ತಿಕ್ಕುತ್ತಿದ್ದಳು. ಅವನು ಬೀದರಿಗೆ ಹೋದ ಸುದ್ದಿ ಆಕೆಗೆ ಮುಟ್ಟಿತ್ತು. ಬಿಂದಗಿ ಹೊಸ ಮದುಮಗಳ ಹಾಗೆ ಹೊಳೆಯುತ್ತಿತ್ತು.  ಪ್ಲೇಟು ಕಟ್ಟಡ ಅಲ್ಲವೆಂಬ ಮ್ಯಾನೇಜರನ ಮಾತನ್ನು ಅವನು ಆಕೆಗೆ ಹೇಳಿದ.

"ನನ್ನ ತಗಡಿನ ಮನಿ ಕಟ್ಟಡ" ಎಂದಳು ಆಕೆ. "ಅವರ ನಾನೂರು ಎಕರೆ ಏನೂ ಅಲ್ಲ."

"ಹಂಗ ಅಂತಾರ ವೈನಿ."

"ಮತ್ತ ಅವರ ಬಿಂದಗಿ ಹೊತ್ಕೊಂಡು ಬರಲಿಲ್ಲೇನು, ವಸೂಲಿ ಸಾಹೇಬ್ರ?"

ಈ ಮಾತು ಎಂದಾದರೂ ಬಂದೀತೆಂದು ಅವನು ನಲವತ್ತು ವರ್ಷ ಕಾದಿದ್ದ. ಬಂದಾಗ ತಲೆ ತಗ್ಗಿಸಿ ನಿಂತ.

ಆಕೆ ಬಿಂದಗಿಯನ್ನು ಕಟ್ಟಿಯ ಮೇಲಿಟ್ಟು ಅದರ ಬಾಯಿಯನ್ನೇ ನೋಡುತ್ತ ಕೂತಳು. "ಭಾಲ್ಕಿಯ ನಳ ನೀರು ಬಿಡೋ ಮೊದಲ ಒಂದು ಸಲ ಕೆಮ್ಮತಿತ್ತು. ಆ ಕೆಮ್ಮು ಕೇಳಿದರ ಅವ್ವ ಒಳಗಿಂದ ಓಡಿ ಬರ್ತಿದ್ಲು."

 ಆಮೇಲೆ ಆಕೆ ಮೊಣಕಾಲು ಹಿಡಿದು ಎದ್ದಳು. ಊರ ಬಾವಿ ಅರ್ಧ ಮೈಲು. ನರಸಿಂಗ ಬಿಂದಗಿಯನ್ನು ತಾನೇ ಎತ್ತಿ ಹೆಗಲಿಗಿಟ್ಟ.

"ಈ ಸಲ ತಿರುಗಿ ತರ್ತೀ ಇಲ್ಲೋ?"

"ತುಂಬಿಸೇ ತರ್ತೇನಿ ವೈನಿ" ಎಂದು ಅವನು ಬಾವಿಯ ಹಾದಿ ಹಿಡಿದ.