ಹೊಳೆಗೆ ಉಡಿ

ಓಣಿಯ ಹಿರಿಯ ಮೈಲಾರಲಿಂಗಪ್ಪಜ್ಜ ಕೊಡಕ್ಕೆ ಬಗ್ಗಿಸಿದ ಫಿಲ್ಟರ್ ನೀರಿನ ಕ್ಯಾನನ್ನು ನಾಗವೇಣಿ ಹಿಡಿದು ನಿಲ್ಲಿಸಿದಳು. ಅಂಗಳದಲ್ಲಿ ಅವಳ ಅತ್ತೆ ಕರೆಮ್ಮನ ಹೆಣವನ್ನು ಸ್ನಾನಕ್ಕೆ ಕೂರಿಸಿದ್ದರು.

"ಬ್ಯಾಡ್ರಿ ಯಜ್ಜಾ. ಹಳ್ಳದ ನೀರಾಗ ನನ್ನ ಮೈ ತೊಳೀರಿ ಅಂತ ಅತ್ತಿ ಹೇಳ್ಯಾಳ."

"ಹುಚ್ಚಿ! ಅದು ಎಣ್ಣಿ ಹೊಡದ ಗದ್ದಿ ಬಸಿನೀರು. ಮೈ ತುರಿಸ್ತದ."

"ಸತ್ತಾಕಿಗೆ ಎಂಥಾ ತುರಿಕಿರೀ ಮಾವ?" ಪಕ್ಕದ ಮನೆಯ ಪಕೀರಮ್ಮ ಮೂಗು ಒರೆಸಿಕೊಂಡಳು.

"ಆಕಿಗಲ್ಲಬೇ, ತೊಳಿಯೋ ನಿಮಗ!"

ಅಳುತ್ತಿದ್ದವರೂ ನಕ್ಕರು. ನಾಗವೇಣಿಗೆ ನಗು ಬರಲಿಲ್ಲ. ಹೆಂಗಸರ ಕೈ ನಿಜವಾಗಿಯೂ ತುರಿಸಿದರೆ, ಹಳ್ಳಕ್ಕಾಗಿ ಅತ್ತೆ ಬಡಿದಾಡಿದ್ದೆಲ್ಲ ವಳಕಮದಿನ್ನಿ ಊರಿಗೆಲ್ಲ ನಗೆಚಾಟಿಕೆಯಾಗುತ್ತಿತ್ತು.

"ನಾ ತರ್ತೀನಿ," ಅಂದ ಬಾಗಿಲಲ್ಲಿ ನಿಂತಿದ್ದ ಮಲ್ಲೇಶ, ಪಕ್ಕದ ಹೊಲದವನು. ಗದ್ದೆಗೆ ಹುಳ ಕೊಲ್ಲುವ ಎಣ್ಣೆ ಹೊಡೆಯುವುದನ್ನು ಅರ್ಧಕ್ಕೆ ಬಿಟ್ಟು ಬಂದಿದ್ದ. ಅಂಗಿ ಇನ್ನೂ ನಾರುತ್ತಿತ್ತು.

ನಾಗವೇಣಿ ಆ ಅಂಗಿಯನ್ನೇ ನೋಡಿದಳು. ಕೊಡ ಕೊಟ್ಟಳು. ಅವನ ಹಿಂದೆಯೇ ನಡೆದಳು.

*

ಕರೆಮ್ಮ ಜೀವಮಾನವೆಲ್ಲ ಭತ್ತ ನಾಟಿ ಮಾಡಿದವಳು. ಸಂಜೆ ಹಳ್ಳದಲ್ಲಿ ಕಾಲು ತೊಳೆದು ಬರುವುದೇ ಅವಳ ಸುಖ. ಹಳ್ಳಕ್ಕೆ ಸೇರಿದ ಎಣ್ಣೆಯಿಂದ ಆ ಕಾಲುಗಳಲ್ಲಿ ಗುಳ್ಳೆ ಎದ್ದ ಮೇಲೆ, ಕೋಲು ಹಿಡಿದು ದಂಡೆಯಲ್ಲಿ ಕೂತಳು.

ಮಲ್ಲೇಶ ಎಣ್ಣೆ ಹೊಡೆಯುವ ಪಂಪು ತೊಳೆಯಲು ಇಳಿದಾಗ ಕೋಲು ಅಡ್ಡ ಬಂತು. ದೂರದ ಬದುವಿನಲ್ಲಿ ತಾನು ತೋಡಿದ್ದ ಗುಂಡಿ, ಪಕ್ಕದ ನೀರಿನ ಡ್ರಮ್ಮು ತೋರಿಸಿದಳು.

"ಅಲ್ಲಿ ತೊಳಿ."

"ಹಳ್ಳ ನಿಮ್ಮಪ್ಪಂದೇನಬೇ?"

"ತುಂಗಭದ್ರಾ ಕಾಲುವಿ ಹಿಡಿದು ನಮ್ಮ ಹೊಲಕ್ಕ ಬರ್ತಾಳ, ಹಳ್ಳ ಹಿಡಿದು ತಿರುಗಿ ಹೊಳಿಗೆ ಹೋಗ್ತಾಳ. ಮನಿಗೆ ಬಂದ ಮಗಳು ಹೊಂಟ್ರ ಉಡಿ ತುಂಬ್ತೀಯೋ, ಎಣ್ಣಿ ತುಂಬ್ತೀಯೋ?"

ಉಳಿದವರು ಅವಳ ಬಾಯಿಗೆ ಹೆದರಿ ಗುಂಡಿಗೆ ಹೋಗತೊಡಗಿದರು. ಮಲ್ಲೇಶ ಮಾತ್ರ ಅವಳ ಕಣ್ಣು ತಪ್ಪಿಸಿ ಕೆಳಗಿನ ಮಡುವಿಗೆ ಇಳಿಯುತ್ತಿದ್ದ.

*

ಕೊಡ ಹಿಡಿದ ಮಲ್ಲೇಶ ಮುಂದೆ ಮುಂದೆ ನಡೆದ. ಹಳ್ಳ ಕಂಡೊಡನೆ ಬದುವಿನ ಕಡೆ ಹೊರಳಿದ. ಡ್ರಮ್ಮಿನಲ್ಲಿ ಕರೆಮ್ಮ ತುಂಬಿಟ್ಟ ನೀರು ಇನ್ನೂ ಇತ್ತು. ಅಂಗಿ ಕಳಚಿ ಬದಿಗಿಟ್ಟು, ಗುಂಡಿಯ ಮೇಲೆ ಮೊಣಕೈವರೆಗೂ ಉಜ್ಜಿ ಉಜ್ಜಿ ತೊಳೆದುಕೊಂಡ. ಕಾಲನ್ನೂ.

"ಸಾಕು ಮಲ್ಲೇಶಣ್ಣ," ಅಂದಳು ನಾಗವೇಣಿ.

"ತಡಿಯವ್ವಾ. ಮುದುಕಿ ನೋಡಾಕತ್ತಿದ್ರ?"

ಆಮೇಲೆ ಹಳ್ಳಕ್ಕಿಳಿದ. ತಿಳಿನೀರೊಳಗೆ ಅವನ ಪಾದಗಳು ಕಾಣುತ್ತಿದ್ದವು. ಕೊಡ ಅದ್ದಿದವನು ಎತ್ತಲಿಲ್ಲ.

"ಯಾಕಣ್ಣ?"

"ಮೀನಮರಿ ಹೊಕ್ಕಾವು."

ಕೊಡದ ಬಾಯಿಯನ್ನು ಹರಿವಿನ ಕಡೆ ವಾಲಿಸಿ, ಅವು ಒಂದೊಂದೇ ಹೊರಬೀಳುವವರೆಗೂ ಮಲ್ಲೇಶ ಬಗ್ಗಿಯೇ ನಿಂತಿದ್ದ.